ಕ್ಷೌರದ ಕತ್ತಿಗೆ ಎಣ್ಣೆಯೋ, ಡಬ್ಬಿಯೋ, ಬರೀ ಒಣಬಟ್ಟೆಯೋ?

ಮಡಚುವ ಕ್ಷೌರದ ಕತ್ತಿ ಇಟ್ಟುಕೊಂಡವರು ಮಳೆಗಾಲ ಹತ್ತಿರ ಬಂದ ಕೂಡಲೇ ಕೇಳುವ ಪ್ರಶ್ನೆ ಒಂದೇ. ತುಕ್ಕು ಹಿಡಿಯದ ಹಾಗೆ ಎತ್ತಿಡುವುದು ಹೇಗೆ? ಒಬ್ಬರು ಹೊಲಿಗೆ ಯಂತ್ರದ ಎಣ್ಣೆ ಅನ್ನುತ್ತಾರೆ. ಇನ್ನೊಬ್ಬರು ಕೊಬ್ಬರಿ ಎಣ್ಣೆ ಸಾಕು ಅನ್ನುತ್ತಾರೆ. ಕ್ಯಾಮೆರಾ ಹುಚ್ಚಿರುವವರು ತೇವ ಹೀರುವ ಸಿಲಿಕಾ ಜೆಲ್ ಹರಳು ಬಿಟ್ಟು ಬೇರೆ ಮಾತಾಡುವುದಿಲ್ಲ. ಎಲ್ಲರೂ ತಮ್ಮ ಮಟ್ಟಿಗೆ ಸರಿಯೇ. ಆದರೆ ಅವರ ಕತ್ತಿ, ಅವರ ಊರಿನ ಹವೆ, ಅವರು ಬಳಸುವ ರೀತಿ ನಿಮ್ಮದರ ಹಾಗೆ ಇರಬೇಕಲ್ಲ.

ಸೆಲೂನಿನಲ್ಲಿ ಅರ್ಧ ಬ್ಲೇಡ್ ಸಿಕ್ಕಿಸುವ ಕತ್ತಿಯ ಮಾತು ಇಲ್ಲಿ ಬೇಡ. ಅದರ ಬ್ಲೇಡ್ ಎಸೆದರೆ ಕೆಲಸ ಮುಗಿಯಿತು. ನಾನು ಹೇಳುತ್ತಿರುವುದು ಮಸೆದು, ತೊಗಲ ಪಟ್ಟಿಗೆ ಉಜ್ಜಿ ವರ್ಷಗಟ್ಟಲೆ ಬಳಸುವ ಹಳೇ ನಮೂನೆಯ ಕತ್ತಿಯ ಬಗ್ಗೆ. ಜರ್ಮನಿಯ ಸೋಲಿಂಗನ್, ಇಂಗ್ಲೆಂಡಿನ ಶೆಫೀಲ್ಡ್, ಫ್ರಾನ್ಸಿನ ತಿಯೇರ್ ಊರುಗಳ ಹೆಸರು ಅಲಗಿನ ಬುಡದಲ್ಲಿ ಕೊರೆದಿರುತ್ತದಲ್ಲ, ಅವು. ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕಿದ್ದೂ ಇರಬಹುದು, ಈಗ ಹೊಸದಾಗಿ ತರಿಸಿಕೊಂಡದ್ದೂ ಇರಬಹುದು.

ಇವುಗಳಿಗೆ ಇಷ್ಟು ಉಪಚಾರ ಯಾಕೆ ಅಂದರೆ, ಚೆನ್ನಾಗಿ ಮಸೆದ ಕತ್ತಿಯ ಬಾಯಿ ಒಂದು ಮೈಕ್ರಾನಿಗಿಂತಲೂ ತೆಳ್ಳಗೆ ಇರುತ್ತದೆ. ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು, ಅದಕ್ಕಿಂತಲೂ ಕಡಿಮೆ. ಅಡುಗೆಮನೆಯ ಚಾಕುವಿನ ಮೇಲೆ ಲೆಕ್ಕಕ್ಕೇ ಬಾರದ ತುಕ್ಕಿನ ಚುಕ್ಕೆ ಇಲ್ಲಿ ಬಾಯನ್ನೇ ತಿಂದುಹಾಕುತ್ತದೆ. ಅಲಗಿನ ಬೆನ್ನಿನ ಮೇಲೆ ನಾಲ್ಕು ಚುಕ್ಕೆ ಬಿದ್ದರೆ ನೋಡಲು ಚೆನ್ನಾಗಿರುವುದಿಲ್ಲ, ಅಷ್ಟೇ. ಬಾಯಿಗೆ ಬಿದ್ದರೆ ಮತ್ತೆ ಕಲ್ಲಿಗೆ ಹೋಗಬೇಕು. ಪ್ರತಿ ಸಲ ಮಸೆದಾಗಲೂ ಕತ್ತಿ ಒಂದಿಷ್ಟು ಸವೆಯುತ್ತದೆ.

ಏನು ನೋಡಿ ಆರಿಸಬೇಕು

ಎಲ್ಲಕ್ಕಿಂತ ಮೊದಲು, ಕತ್ತಿಯನ್ನು ನೀವು ಎಷ್ಟು ದಿನಕ್ಕೊಮ್ಮೆ ಕೈಗೆತ್ತಿಕೊಳ್ಳುತ್ತೀರಿ? ಯಾವ ಎಣ್ಣೆ ಒಳ್ಳೆಯದು ಅನ್ನುವ ವಾದಕ್ಕಿಂತ ಈ ಪ್ರಶ್ನೆ ದೊಡ್ಡದು. ದಿನಾ ಬಳಸುವವರಿಗೆ ಸರಿಹೋಗುವ ಉಪಾಯ ಆರು ತಿಂಗಳು ಎತ್ತಿಡುವವರಿಗೆ ಸಾಲದು. ಆರು ತಿಂಗಳಿಗೆ ಮಾಡುವ ಏರ್ಪಾಟು ದಿನಾ ಬಳಸುವವರಿಗೆ ಸುಮ್ನೆ ತಲೆನೋವು.

ಎರಡನೆಯದು ಊರಿನ ಹವೆ. ಗಾಳಿಯ ತೇವಾಂಶ ಸುಮಾರು ಶೇ. 60 ದಾಟಿದ ಮೇಲೆ ಬರಿಯ ಉಕ್ಕಿಗೆ ತುಕ್ಕು ಹಿಡಿಯುವ ವೇಗ ಏರುತ್ತದೆ. ಉಪ್ಪಿನಂಶ ಸೇರಿದರೆ ಅಷ್ಟು ತೇವವೂ ಬೇಕಿಲ್ಲ. ಮಂಗಳೂರು, ಉಡುಪಿ, ಕಾರವಾರದಲ್ಲಿ ಸಮುದ್ರದ ಗಾಳಿ ಉಪ್ಪನ್ನು ಹೊತ್ತುಕೊಂಡೇ ಬರುತ್ತದೆ. ಜುಲೈನಲ್ಲಿ ತೇವಾಂಶ ಶೇ. 90ರ ಆಸುಪಾಸಿಗೆ ಹೋಗುತ್ತದೆ. ವರ್ಷಕ್ಕೆ 7,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಆಗುಂಬೆಯ ಕಡೆ ಉಪ್ಪಿಲ್ಲ, ಆದರೆ ಬಟ್ಟೆಯೇ ಒಣಗುವುದಿಲ್ಲ. ಕಲಬುರಗಿ, ವಿಜಯಪುರದವರಿಗೆ ವರ್ಷದ ಹೆಚ್ಚಿನ ತಿಂಗಳು ಈ ಚಿಂತೆಯೇ ಬೇಡ. ಬೆಂಗಳೂರು ಇವೆರಡರ ನಡುವೆ.

ಮೂರನೆಯದು ಹಿಡಿ. ತುಕ್ಕಿನ ಮಾತು ಬಂದಾಗ ಎಲ್ಲರೂ ಅಲಗನ್ನೇ ನೋಡುತ್ತಾರೆ. ಆದರೆ ಕೊಂಬಿನ ಹಿಡಿಗೆ ಅತಿಯಾದ ಒಣಹವೆ ಆಗಿಬರುವುದಿಲ್ಲ, ಸೊಟ್ಟಗಾಗುತ್ತದೆ, ಸೀಳುತ್ತದೆ. ಮರ ಮತ್ತು ದಂತದ್ದೂ ಹೆಚ್ಚುಕಡಿಮೆ ಇದೇ ಪಾಡು. ಇನ್ನು ಸೆಲ್ಯುಲಾಯ್ಡ್ ಹಿಡಿ ಅಂತ ಒಂದಿದೆ. ಅದರದ್ದು ಬೇರೆಯೇ ಕತೆ, ಮುಂದೆ ಹೇಳುತ್ತೇನೆ.

ಉಕ್ಕಿನ ಜಾತಿಯನ್ನೂ ನೋಡಿ. ಹಳೇ ಕತ್ತಿಗಳಲ್ಲಿ ಬಹುಪಾಲು ಕಾರ್ಬನ್ ಉಕ್ಕು. ಕಾರ್ಬನ್ ಸುಮಾರು ಶೇ. 1, ಕ್ರೋಮಿಯಂ ಇಲ್ಲವೇ ಇಲ್ಲ ಅನ್ನುವಷ್ಟು. ಸ್ಟೇನ್‌ಲೆಸ್ ಅನ್ನಿಸಿಕೊಳ್ಳಲು ಕ್ರೋಮಿಯಂ ಕನಿಷ್ಠ ಶೇ. 10.5 ಬೇಕು. ಜ್ವಿಲ್ಲಿಂಗ್ ಕಂಪನಿಯ ಫ್ರಿಯೋದೂರ್ ಕತ್ತಿಗಳು ಈ ಗುಂಪಿನವು. ಸ್ಟೇನ್‌ಲೆಸ್ ಇದ್ದರೆ ಅರ್ಧ ಗೆದ್ದ ಹಾಗೆ. ಪೂರ್ತಿ ಗೆದ್ದಿಲ್ಲ, ಯಾಕೆಂದರೆ ಉಪ್ಪು ಮತ್ತು ಸೋಪಿನ ನೀರು ಕೂತಲ್ಲಿ ಅದಕ್ಕೂ ಚುಕ್ಕೆ ಬೀಳುತ್ತದೆ.

ಕೊನೆಗೆ, ಹಚ್ಚಿದ್ದು ಮುಖಕ್ಕೆ ತಾಗುತ್ತದೆ ಅನ್ನುವುದು ನೆನಪಿರಲಿ. ಕ್ಷೌರಕ್ಕೆ ಮುಂಚೆ ಅದನ್ನು ಒರೆಸಿ ತೆಗೆಯುವುದು ಎಷ್ಟು ಸುಲಭ, ತೊಗಲ ಪಟ್ಟಿಗೆ ಅಂಟುತ್ತದೆಯೇ ಅನ್ನುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ದುಡ್ಡಿನ ಮಾತು ಇಲ್ಲಿ ಅಷ್ಟು ದೊಡ್ಡದಲ್ಲ. ಒಂದು ಆಯ್ಕೆ ಬಿಟ್ಟರೆ ಉಳಿದವು ಜೇಬಿಗೆ ಭಾರವಲ್ಲ.

ಒಣಗಿಸುವುದು: ಇದಕ್ಕೆ ಪರ್ಯಾಯ ಇಲ್ಲ

ಉಳಿದ ಯಾವ ಉಪಾಯ ಹಿಡಿದರೂ ಇದನ್ನು ಮಾಡಲೇಬೇಕು. ನೀರಿನ ಮೇಲೆ ಎಣ್ಣೆ ಹಚ್ಚಿದರೆ ನೀರನ್ನು ಒಳಗೇ ಕೂಡಿಹಾಕಿದ ಹಾಗಾಗುತ್ತದೆ.

ಬಿಸಿನೀರಿನಲ್ಲಿ ಸೋಪು ತೊಳೆದು ಮೆತ್ತನೆ ಹತ್ತಿ ಬಟ್ಟೆಯಲ್ಲಿ ಬೆನ್ನಿನಿಂದ ಬಾಯಿಯ ಕಡೆಗೆ ಒರೆಸಿ. ಬಾಯಿಗೆ ಎದುರಾಗಿ ಒರೆಸಬೇಡಿ, ಬೆರಳೂ ಉಳಿಯುವುದಿಲ್ಲ, ಹರಿತವೂ ಉಳಿಯುವುದಿಲ್ಲ. ಆಮೇಲೆ ತೊಗಲ ಪಟ್ಟಿಯ ಬಟ್ಟೆಯ ಬದಿಗೆ ಹತ್ತಾರು ಸಲ ಹಗುರಾಗಿ ಎಳೆದರೆ ಬಾಯಿಯಲ್ಲಿ ಉಳಿದ ತೇವ ಹೋಗುತ್ತದೆ. ನಿಜವಾದ ತೊಂದರೆ ಇರುವುದು ಅಲಗು ಹಿಡಿಯೊಳಗೆ ಸೇರುವ ಮೊಳೆಯ ಹತ್ತಿರ. ನೀರು ಅಲ್ಲಿ ಅಡಗಿ ಕೂರುತ್ತದೆ, ಬಟ್ಟೆ ಅಲ್ಲಿಗೆ ಹೋಗುವುದಿಲ್ಲ. ಹಳೇ ಕತ್ತಿಗಳ ತುಕ್ಕು ಜಾಸ್ತಿ ಇರುವುದೇ ಅಲ್ಲಿ. ಟಿಶ್ಯೂ ಕಾಗದವನ್ನು ಹುರಿ ಮಾಡಿ ಹಿಡಿಯ ಸಂದಿಯಲ್ಲಿ ಆಚೀಚೆ ಎಳೆಯಿರಿ. ಕತ್ತಿಯನ್ನು ಅರ್ಧ ತೆರೆದೇ ಕೆಲವು ಗಂಟೆ ಫ್ಯಾನಿನ ಗಾಳಿಗೆ ಬಿಡಿ, ಮಕ್ಕಳ ಕೈಗೆ ಸಿಗದ ಜಾಗದಲ್ಲಿ. ಕ್ಷೌರ ಮಾಡುವಾಗಲೇ ಹಿಡಿಯೊಳಗೆ ನೀರು ಹೋಗದ ಹಾಗೆ ನೋಡಿಕೊಂಡರೆ ಇದರ ಅರ್ಧ ಕೆಲಸ ಉಳಿಯುತ್ತದೆ.

ಒಣಗಿದ ಮೇಲೆ ಬಚ್ಚಲುಮನೆಯಲ್ಲಿ ಮಾತ್ರ ಇಡಬೇಡಿ. ಮನೆಯಲ್ಲಿ ಅದಕ್ಕಿಂತ ಕೆಟ್ಟ ಜಾಗ ಇಲ್ಲ. ತೊಗಲಿನ ಚೀಲವೂ ಬೇಡ. ನೋಡಲು ಭರ್ಜರಿಯಾಗಿದ್ದರೂ ಹದ ಮಾಡಿದ ತೊಗಲಿನಲ್ಲಿ ಹುಳಿ ಅಂಶ ಇರುತ್ತದೆ, ತೇವವನ್ನೂ ಹಿಡಿದಿಡುತ್ತದೆ. ಕತ್ತಿಯ ಜೊತೆ ಬಂದ ಹಳೇ ರಟ್ಟಿನ ಡಬ್ಬಿಯನ್ನು ಶೋಕಿಗೆ ಇಟ್ಟುಕೊಳ್ಳಿ, ಕತ್ತಿಯನ್ನು ಅದರೊಳಗೆ ಇಡಬೇಡಿ.

ಕರಾವಳಿಯ ಮಳೆಗಾಲ ಒಂದನ್ನು ಬಿಟ್ಟರೆ, ದಿನಾ ಅಥವಾ ದಿನ ಬಿಟ್ಟು ದಿನ ಬಳಸುವವರು, ಒಣ ಊರಿನವರು ಇಲ್ಲಿಗೇ ನಿಲ್ಲಬಹುದು. ಎಣ್ಣೆ ಬೇಡ, ಜೆಲ್ ಬೇಡ. ಖರ್ಚು ಸೊನ್ನೆ.

ಎಣ್ಣೆಗಳು

ವಾರಕ್ಕೊಮ್ಮೆ ಬಳಸುವವರಿಗೆ, ಮಳೆಗಾಲದ ಬೆಂಗಳೂರು, ಮೈಸೂರಿನವರಿಗೆ ಎಣ್ಣೆಯೇ ಸರಿ. ಯಾವ ಎಣ್ಣೆ ಅನ್ನುವುದಕ್ಕೆ ನನ್ನ ಉತ್ತರ ಸರಳ: ಖನಿಜ ಎಣ್ಣೆ. ಅದು ಕಮಟಾಗುವುದಿಲ್ಲ, ಅಂಟಾಗುವುದಿಲ್ಲ, ವರ್ಷ ಕಳೆದರೂ ಹಾಗೇ ಇರುತ್ತದೆ. ಮೂರು ರೂಪದಲ್ಲಿ ಸಿಗುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಎಲ್ಲ ಊರಲ್ಲೂ ಸಿಗುತ್ತದೆ, ತೆಳ್ಳಗಿದೆ, ಮೊಳೆಯ ಸಂದಿಗೆ ಇಳಿಯುತ್ತದೆ. ಮೆಡಿಕಲ್ ಶಾಪಿನಲ್ಲಿ ಮಲಬದ್ಧತೆಗೆ ಅಂತ ಕೊಡುವ ಲಿಕ್ವಿಡ್ ಪ್ಯಾರಾಫಿನ್ ಕೂಡ ಖನಿಜ ಎಣ್ಣೆಯೇ. ಹೊಟ್ಟೆಗೆ ತೆಗೆದುಕೊಳ್ಳುವಷ್ಟು ಶುದ್ಧ ಮಾಡಿದ್ದು, ಹಾಗಾಗಿ ಮುಖಕ್ಕೆ ತಾಗಿದರೆ ಹೆದರಬೇಕಿಲ್ಲ. ಮಕ್ಕಳ ಮೈಗೆ ಹಚ್ಚುವ ಬೇಬಿ ಆಯಿಲ್ ಸಾಮಾನ್ಯವಾಗಿ ಇದಕ್ಕೇ ಸುವಾಸನೆ ಸೇರಿಸಿದ್ದು. ಮೂರರಲ್ಲಿ ನನ್ನ ಓಟು ಲಿಕ್ವಿಡ್ ಪ್ಯಾರಾಫಿನ್‌ಗೆ. ಸ್ವಲ್ಪ ಗಟ್ಟಿ, ಅಲಗಿನ ಮೇಲೆ ನಿಲ್ಲುತ್ತದೆ, ವಾಸನೆ ಇಲ್ಲ.

ಹಚ್ಚುವುದೂ ಒಂದು ಕೆಲಸ. ಎರಡು ಹನಿ ಹತ್ತಿಗೆ ಹಾಕಿ ಅಲಗಿನ ಎರಡೂ ಬದಿಗೆ ತೆಳ್ಳಗೆ ಸವರಿ. ಎಣ್ಣೆ ಹರಿಯಬಾರದು. ಹೆಚ್ಚಾದದ್ದು ಹಿಡಿಯೊಳಗೆ ಇಳಿದು ಧೂಳು, ನೂಲು ಎಲ್ಲವನ್ನೂ ಅಂಟಿಸಿಕೊಳ್ಳುತ್ತದೆ. ಹಚ್ಚಿದ ಮೇಲೆ ಅಲಗನ್ನು ಬೆರಳಿನಿಂದ ಮುಟ್ಟಬೇಡಿ, ಬೆವರಿನ ಉಪ್ಪು ಅಲ್ಲೇ ಬೆರಳಚ್ಚು ಮೂಡಿಸುತ್ತದೆ. ಮತ್ತೆ ಬಳಸುವಾಗ ಟಿಶ್ಯೂ ಕಾಗದದಲ್ಲಿ ಒರೆಸಿ, ಸೋಪುನೀರಲ್ಲಿ ತೊಳೆದು ಒಣಗಿಸಿ, ಆಮೇಲೆಯೇ ತೊಗಲ ಪಟ್ಟಿಗೆ ತನ್ನಿ. ಎಣ್ಣೆ ಕುಡಿದ ತೊಗಲು ಸರಿಯಾಗಿ ಎಳೆಯುವುದಿಲ್ಲ.

ಈಗ ಕೊಬ್ಬರಿ ಎಣ್ಣೆಗೆ ಬರೋಣ. ಮನೆಯಲ್ಲೇ ಇದೆ, ಕರಾವಳಿಯಲ್ಲಂತೂ ಡಬ್ಬಗಟ್ಟಲೆ ಇದೆ. ಅದನ್ನು ಪೂರ್ತಿ ತಳ್ಳಿಹಾಕಲು ಆಗುವುದಿಲ್ಲ. ಸೂರ್ಯಕಾಂತಿ ಅಥವಾ ಅಗಸೆ ಎಣ್ಣೆ ಗಾಳಿಗೆ ಒಣಗಿ ಅಂಟು ಪೊರೆಯಾಗುತ್ತದೆ. ಕೊಬ್ಬರಿ ಎಣ್ಣೆ ಹಾಗಾಗುವುದಿಲ್ಲ. ಒಂದೆರಡು ವಾರಕ್ಕೆ ಏನೂ ತೊಂದರೆ ಇಲ್ಲ. ಆದರೆ ತಿಂಗಳುಗಟ್ಟಲೆ ಬಿಟ್ಟರೆ ಕಮಟಾಗುತ್ತದೆ, ಅದರಲ್ಲಿ ಹುಳಿ ಅಂಶ ಹೆಚ್ಚುತ್ತದೆ. ಹಿಡಿಯ ಹಿತ್ತಾಳೆ ಮೊಳೆಯ ಸುತ್ತ ಹಸಿರು ಕಿಲುಬು ಕಂಡರೆ ಅದು ಈ ಹುಳಿಯ ಕೆಲಸ ಇರಬಹುದು. ಇನ್ನೊಂದು, ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ. ಚಿಕ್ಕಮಗಳೂರು, ಮಡಿಕೇರಿಯ ಚಳಿಯಲ್ಲಿ ಅಲಗಿನ ಮೇಲೆ ಬಿಳಿ ತೇಪೆಯಾಗಿ ಕೂರುತ್ತದೆ, ಎಲ್ಲ ಕಡೆ ಸಮನಾಗಿ ಹರಡುವುದಿಲ್ಲ. ತುರ್ತಿಗೆ ಸರಿ, ರೂಢಿಗೆ ಬೇಡ.

ಜಪಾನಿನವರು ಕತ್ತಿ, ಉಳಿಗಳಿಗೆ ಕಮೇಲಿಯಾ ಬೀಜದ ಎಣ್ಣೆ ಹಚ್ಚುತ್ತಾರೆ. ಸಸ್ಯದ ಎಣ್ಣೆಯಾದರೂ ಬೇಗ ಅಂಟಾಗದ ಒಳ್ಳೇ ಎಣ್ಣೆ ಅದು. ಆದರೆ ಆಮದು ಮಾಲು, ಬೆಲೆ ಜಾಸ್ತಿ. ಲಿಕ್ವಿಡ್ ಪ್ಯಾರಾಫಿನ್‌ಗಿಂತ ಅದು ಹೆಚ್ಚೇನು ಮಾಡುತ್ತದೆ ಅಂತ ಕೇಳಿದರೆ, ಕ್ಷೌರದ ಕತ್ತಿಯ ಮಟ್ಟಿಗೆ, ಮನಸ್ಸಿಗೆ ಖುಷಿ ಕೊಡುತ್ತದೆ. ಅದೂ ಒಂದು ಕಾರಣವೇ, ತಪ್ಪೇನಿಲ್ಲ.

ಡಬ್ಲ್ಯೂಡಿ-40 ಅನ್ನುವ ಸ್ಪ್ರೇ ಬಗ್ಗೆ ಒಂದು ಮಾತು. 1953ರಲ್ಲಿ ಅಮೆರಿಕದಲ್ಲಿ ಅದನ್ನು ಮಾಡಿದ್ದೇ ನೀರನ್ನು ಹೊರದೂಡಲು. ಆ ಕೆಲಸ ಚೆನ್ನಾಗಿ ಮಾಡುತ್ತದೆ. ಮೊಳೆಯ ಸಂದಿಗೆ ನೀರು ಹೋಗಿಬಿಟ್ಟರೆ ಒಂದು ಚಿಮುಕು ಹಾಕಿ. ಆದರೆ ಅದರ ಬಹುಪಾಲು ಆವಿಯಾಗಿ ಹೋಗಿ ಉಳಿಯುವ ಪೊರೆ ತೀರಾ ತೆಳು. ಹಾಗಾಗಿ ಅದನ್ನು ಹಾಕಿ ಒರೆಸಿದ ಮೇಲೆ ಖನಿಜ ಎಣ್ಣೆ ಹಚ್ಚಬೇಕು. ಅದೊಂದನ್ನೇ ನಂಬಿ ಮಳೆಗಾಲ ಕಳೆಯಲು ಆಗುವುದಿಲ್ಲ. ಮುಖಕ್ಕೆ ತಾಗುವ ಮುಂಚೆ ಚೆನ್ನಾಗಿ ತೊಳೆಯಲೇಬೇಕು.

ದಪ್ಪಗೆ ಹಚ್ಚುವವು

ತಿಂಗಳುಗಳ ಮಟ್ಟಿಗೆ ಎತ್ತಿಡುವುದಾದರೆ ತೆಳು ಎಣ್ಣೆ ಕೆಳಗೆ ಇಳಿದು ಅಲಗಿನ ಮೇಲ್ಭಾಗ ಬರಿದಾಗುತ್ತದೆ. ಆಗ ವ್ಯಾಸಲಿನ್ ಒಳ್ಳೆಯದು. ಅಗ್ಗ, ಚರ್ಮಕ್ಕೆ ಹಿತ, ಜಾಗ ಬಿಟ್ಟು ಕದಲುವುದಿಲ್ಲ. ತೆಗೆಯುವುದು ರಗಳೆ, ಬಿಸಿನೀರು ಮತ್ತು ಸೋಪು ಬೇಕು. ವರ್ಷಕ್ಕೆ ಒಂದೆರಡು ಸಲ ಮಾಡುವ ಕೆಲಸಕ್ಕೆ ಅಷ್ಟು ರಗಳೆ ಪರವಾಗಿಲ್ಲ.

ಬ್ರಿಟಿಷ್ ಮ್ಯೂಸಿಯಂನಲ್ಲಿ ರೂಪುಗೊಂಡ ರಿನೈಸಾನ್ಸ್ ವ್ಯಾಕ್ಸ್ ಅಂತ ಒಂದು ಮೇಣ ಇದೆ. ಹಚ್ಚಿ ಉಜ್ಜಿದರೆ ಒಣ ಪೊರೆಯಾಗುತ್ತದೆ, ಬೆರಳಚ್ಚು ಬೀಳುವುದಿಲ್ಲ. ಗಾಜಿನ ಕಪಾಟಿನಲ್ಲಿಟ್ಟು ನೋಡುವ ಕತ್ತಿಗೆ ಇದಕ್ಕಿಂತ ಚೆಂದದ್ದು ಇಲ್ಲ. ಬಳಸುವ ಕತ್ತಿಗೆ ಬೇಡ.

ಡಬ್ಬಿ ಮತ್ತು ಸಿಲಿಕಾ ಜೆಲ್

ಒಂದಕ್ಕಿಂತ ಹೆಚ್ಚು ಕತ್ತಿ ಇದ್ದವರು, ಕರಾವಳಿ ಮಲೆನಾಡಿನವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಎಣ್ಣೆ ಅಲಗನ್ನು ಕಾಯುತ್ತದೆ, ಡಬ್ಬಿ ಗಾಳಿಯನ್ನೇ ಬದಲಾಯಿಸುತ್ತದೆ.

ಜೆಲ್ ಎಷ್ಟು ಬೇಕು ಅನ್ನುವ ಬಗ್ಗೆ ಎಲ್ಲರಿಗೂ ಗೊಂದಲ. ಲೆಕ್ಕ ಹಾಕಿದರೆ ಆಶ್ಚರ್ಯವಾಗುತ್ತದೆ. 30 ಡಿಗ್ರಿ ಸೆಕೆಯಲ್ಲಿ, ತೇವ ತುಂಬಿ ತುಳುಕುವ ಗಾಳಿಯ ಒಂದು ಘನ ಮೀಟರಿನಲ್ಲಿ ಇರುವ ನೀರು ಸುಮಾರು 30 ಗ್ರಾಂ. ಮೂರು ಲೀಟರಿನ ಡಬ್ಬಿಯಲ್ಲಿ ಅದು ಗ್ರಾಮಿನ ಹತ್ತನೇ ಒಂದು ಪಾಲಿಗಿಂತ ಕಡಿಮೆ. 50 ಗ್ರಾಂ ಜೆಲ್‌ಗೆ ಅದು ಏನೂ ಅಲ್ಲ. ಹಾಗಾದರೆ ಜೆಲ್ ವಾರದೊಳಗೆ ಬಣ್ಣ ಬದಲಾಯಿಸುವುದು ಯಾಕೆ? ಮುಚ್ಚಳ ಸರಿಯಾಗಿ ಕೂರುತ್ತಿಲ್ಲ, ಅಥವಾ ಒಳಗೆ ಹಾಸಿದ ಬಟ್ಟೆ, ರಟ್ಟು, ಸ್ಪಂಜಿನಲ್ಲೇ ನೀರು ಇದೆ, ಅಥವಾ ನೀವು ಡಬ್ಬಿಯನ್ನು ದಿನಾ ತೆರೆಯುತ್ತಿದ್ದೀರಿ. ಅಂದರೆ ಜೆಲ್ ಜಾಸ್ತಿ ಮಾಡುವುದಕ್ಕಿಂತ ಒಳ್ಳೇ ಮುಚ್ಚಳ ಕೊಳ್ಳುವುದು ಜಾಣತನ. ರಬ್ಬರ್ ಪಟ್ಟಿ ಇದ್ದು, ನಾಲ್ಕೂ ಕಡೆ ಕ್ಲಿಪ್ ಹಾಕುವ ಅಡುಗೆಮನೆ ಡಬ್ಬಿ ಸಾಕು. ಒಳಗೆ ಹಾಸಲು ಚೆನ್ನಾಗಿ ಒಣಗಿಸಿದ ಬಿಳಿ ಹತ್ತಿ ಬಟ್ಟೆ.

ಜೆಲ್ ಕೊಳ್ಳುವಾಗ ಬಣ್ಣ ಬದಲಾಗುವುದನ್ನೇ ತೆಗೆದುಕೊಳ್ಳಿ. ನೀಲಿಯಿಂದ ಗುಲಾಬಿಗೆ ತಿರುಗುವುದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ. ಅದು ದೇಹಕ್ಕೆ ಒಳ್ಳೆಯದಲ್ಲ, ಮನೆಗೆ ಕಿತ್ತಳೆ ಬಣ್ಣದ್ದೇ ವಾಸಿ. ತೇವ ಕುಡಿದ ಜೆಲ್ಲನ್ನು ಓವನಿನಲ್ಲಿ 110 ರಿಂದ 120 ಡಿಗ್ರಿಗೆ ಒಂದೆರಡು ಗಂಟೆ ಕಾಯಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಕೆಲವು ನೂರು ರೂಪಾಯಿಗೆ ಸಿಗುವ ಚಿಕ್ಕ ಡಿಜಿಟಲ್ ತೇವಮಾಪಕ ಒಂದನ್ನು ಒಳಗಿಟ್ಟರೆ ಊಹೆ ಮಾಡುವ ಕೆಲಸ ತಪ್ಪುತ್ತದೆ. 40 ರಿಂದ 50 ತೋರಿಸಿದರೆ ಅಲಗಿಗೂ ಸರಿ, ಕೊಂಬಿನ ಹಿಡಿಗೂ ಸರಿ. 20ಕ್ಕೆ ಇಳಿದಿದ್ದರೆ ಜೆಲ್ ಕಡಿಮೆ ಮಾಡಿ, ಇಲ್ಲವಾದರೆ ಕೊಂಬು ಸೀಳುತ್ತದೆ. ಚಳಿದೇಶಗಳಲ್ಲಿ ಇರುವ ನಮ್ಮವರಿಗೂ ಇದೇ ಮಾತು. ಚಳಿಗಾಲದಲ್ಲಿ ಹೀಟರ್ ಹಾಕಿದ ಮನೆಯ ಗಾಳಿ ಅಷ್ಟೇ ಒಣಗಿರುತ್ತದೆ. ಅಲ್ಲಿ ಕಾಯಬೇಕಾದ್ದು ಅಲಗನ್ನಲ್ಲ, ಹಿಡಿಯನ್ನು.

ಕ್ಯಾಮೆರಾ ಲೆನ್ಸಿಗೆ ಬೂಸ್ಟು ಬಾರದಿರಲಿ ಅಂತ ಇಡುವ ಎಲೆಕ್ಟ್ರಿಕ್ ಡ್ರೈ ಕ್ಯಾಬಿನೆಟ್ ಇದನ್ನೇ ತಾನಾಗಿ ಮಾಡುತ್ತದೆ. ಬಾಗಿಲು ದಿನಾ ತೆರೆದರೂ ಮತ್ತೆ ಅದೇ ತೇವಾಂಶಕ್ಕೆ ಬಂದು ನಿಲ್ಲುತ್ತದೆ. ಚಿಕ್ಕದಕ್ಕೂ ಹಲವು ಸಾವಿರ ರೂಪಾಯಿ ಬೇಕು. ಒಂದು ಕತ್ತಿಗಾಗಿ ಕೊಳ್ಳುವುದು ಅತಿಯಾಯಿತು. ಮನೆಯಲ್ಲಿ ಈಗಾಗಲೇ ಕ್ಯಾಮೆರಾಕ್ಕೆ ಅಂತ ಇದ್ದರೆ ಮೂಲೆಯಲ್ಲಿ ಜಾಗ ಕೇಳಿ ನೋಡಿ. ಎಣ್ಣೆ ಹಚ್ಚಿದ ಕತ್ತಿಯನ್ನು ಲೆನ್ಸಿನ ಪಕ್ಕ ಇಡುವುದು ಮಾತ್ರ ಬೇಡ.

ಇನ್ನೊಂದಿದೆ, ವಿಸಿಐ ಕಾಗದ. ಕಾರ್ಖಾನೆಗಳಲ್ಲಿ ಬೇರಿಂಗು, ಗೇರುಗಳನ್ನು ಸುತ್ತಿ ಕಳಿಸುವ ಕಾಗದ ಇದು. ಇದರಿಂದ ಹೊರಡುವ ಆವಿ ಲೋಹದ ಮೇಲೆ ಕೂತು ತುಕ್ಕನ್ನು ತಡೆಯುತ್ತದೆ. ಎಣ್ಣೆ ಇಲ್ಲದೆ, ಮುಚ್ಚಿದ ಚೀಲದೊಳಗೆ ವರ್ಷದ ಮಟ್ಟಿಗೆ ನೆಮ್ಮದಿ. ಕಬ್ಬಿಣಕ್ಕೆ ಮಾತ್ರ ಅಂತ ಮಾಡಿದ್ದು ಹಿತ್ತಾಳೆ ಮೊಳೆಗೆ ಆಗದಿರಬಹುದು, ಬಹುಲೋಹದ್ದು ಅಂತ ಕೇಳಿ ತನ್ನಿ. ಬಳಸುವ ಮುಂಚೆ ತೊಳೆಯಬೇಕು. ವಿದೇಶಕ್ಕೆ ಹೋಗುವವರು, ಒಂದು ವರ್ಷ ಮನೆಗೆ ಬೀಗ ಹಾಕುವವರು ಇದನ್ನು ಯೋಚಿಸಬಹುದು.

ಸೆಲ್ಯುಲಾಯ್ಡ್ ಹಿಡಿ ಇದ್ದರೆ ಮೇಲಿನ ಡಬ್ಬಿಯ ಮಾತು ಮರೆತುಬಿಡಿ

ಆಮೆಚಿಪ್ಪು, ದಂತದ ಹಾಗೆ ಕಾಣುವ ಹಳೇ ಹಿಡಿಗಳಲ್ಲಿ ಬಹಳಷ್ಟು ಸೆಲ್ಯುಲಾಯ್ಡ್‌ನವು. ನೈಟ್ರೋಸೆಲ್ಯುಲೋಸಿಗೆ ಕರ್ಪೂರ ಸೇರಿಸಿ ಮಾಡಿದ ಪ್ಲಾಸ್ಟಿಕ್ ಅದು. ಬೆರಳಿನಲ್ಲಿ ಜೋರಾಗಿ ಉಜ್ಜಿ ಮೂಸಿದರೆ ಕರ್ಪೂರದ ವಾಸನೆ ಬರುತ್ತದೆ. ವಯಸ್ಸಾದ ಹಾಗೆ ಅದು ಒಳಗೊಳಗೇ ಕೆಟ್ಟು ಆಮ್ಲದ ಆವಿ ಬಿಡುತ್ತದೆ. ಆ ಆವಿ ಮೊದಲು ತಿನ್ನುವುದು ಹಿಡಿಯೊಳಗೆ ಮಡಚಿಟ್ಟ ಅಲಗನ್ನೇ. ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ಆವಿ ಹೊರಗೆ ಹೋಗದೆ ಕೂಡುತ್ತದೆ, ಪಕ್ಕದ ಕತ್ತಿಗಳೂ ಹಾಳಾಗುತ್ತವೆ. ತುಕ್ಕು ತಪ್ಪಿಸಲು ಮಾಡಿದ ಏರ್ಪಾಟೇ ತುಕ್ಕು ತರುವುದು ಹೀಗೆ.

ಇಂಥ ಕತ್ತಿಯನ್ನು ಬೇರೆಯಾಗಿಡಿ. ಗಾಳಿ ಆಡುವ, ಬಿಸಿಲು ಬೀಳದ ಜಾಗ ಬೇಕು. ಅಲಗಿಗೆ ಎಣ್ಣೆ ಅಥವಾ ವ್ಯಾಸಲಿನ್ ಹಚ್ಚಿ, ತಿಂಗಳಿಗೊಮ್ಮೆ ತೆಗೆದು ನೋಡಿ. ಸ್ಪಿರಿಟ್ ಅಥವಾ ಸ್ಯಾನಿಟೈಸರ್ ಹಾಕಿ ಒಣಗಿಸಬೇಡಿ, ಹಿಡಿ ಮೆತ್ತಗಾಗಬಹುದು. ದೀಪ, ಒಲೆಯ ಹತ್ತಿರವಂತೂ ಬೇಡ, ಸೆಲ್ಯುಲಾಯ್ಡ್‌ಗೆ ಬೇಗ ಬೆಂಕಿ ಹತ್ತುತ್ತದೆ. ಹಿಡಿಯಲ್ಲಿ ಬಿರುಕು ಜಾಲ ಎದ್ದು, ಮೂಗಿಗೆ ಖಾರವಾದ ಹುಳಿ ವಾಸನೆ ಬಂದರೆ ಅದನ್ನು ಉಳಿಸುವ ಆಸೆ ಬಿಡಿ. ಮೊಳೆ ಬಿಚ್ಚಿಸಿ ಅಲಗಿಗೆ ಹೊಸ ಹಿಡಿ ಹಾಕಿಸಿ.

ಯಾರಿಗೆ ಯಾವುದು

ದಿನಾ ಬಳಸುವ ಬೆಂಗಳೂರಿನವರು ಮಳೆಗಾಲದಲ್ಲೂ ಒಣಬಟ್ಟೆ, ತೊಗಲ ಪಟ್ಟಿ, ಮಲಗುವ ಕೋಣೆಯ ಕಪಾಟು, ಇಷ್ಟರಲ್ಲೇ ಮುಗಿಸಬಹುದು. ಮಂಗಳೂರಿನಲ್ಲಿ ದಿನಾ ಬಳಸುವವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ ಕ್ಷೌರದ ನಂತರ ಒಂದು ಹನಿ ಲಿಕ್ವಿಡ್ ಪ್ಯಾರಾಫಿನ್ ಸವರಲಿ. ಡಬ್ಬಿ ಅವರಿಗೆ ಹೇಳಿದ್ದಲ್ಲ. ದಿನಾ ತೆರೆಯುವ ಡಬ್ಬಿಯಲ್ಲಿ ಜೆಲ್ ಬದುಕುವುದಿಲ್ಲ.

ಐದಾರು ಕತ್ತಿ ಇದ್ದು ಸರದಿಯಲ್ಲಿ ಬಳಸುವವರು ಎಲ್ಲ ಕಡೆಯೂ ಎಣ್ಣೆ ಮತ್ತು ಡಬ್ಬಿ ಎರಡನ್ನೂ ಇಟ್ಟುಕೊಳ್ಳುವುದು ಒಳ್ಳೆಯದು. ಈ ವಾರ ಬಳಸುವ ಕತ್ತಿ ಹೊರಗಿರಲಿ. ಅಜ್ಜನ ಕತ್ತಿಯನ್ನು ನೆನಪಿಗೆ ಅಂತ ಇಟ್ಟವರು, ಹಿಡಿ ಕೊಂಬು ಅಥವಾ ಮರದ್ದಾದರೆ, ವ್ಯಾಸಲಿನ್ ಹಚ್ಚಿ ಡಬ್ಬಿಗೆ ಹಾಕಿ, ಮಳೆಗಾಲಕ್ಕೆ ಮುಂಚೆ ಒಮ್ಮೆ, ದೀಪಾವಳಿ ಹೊತ್ತಿಗೆ ಒಮ್ಮೆ ತೆಗೆದು ನೋಡಿದರೆ ಸಾಕು. ಉಕ್ಕಿನ ಬೀರುವಿನಲ್ಲಿ ಬರೀ ಕತ್ತಿ ಇಟ್ಟು ನೆಮ್ಮದಿಯಾಗಿರಬೇಡಿ. ರಾತ್ರಿ ತಣ್ಣಗಾದಾಗ ಬೀರುವಿನ ಒಳಗೂ ಪಸೆ ಕೂರುತ್ತದೆ.

ಎತ್ತಿಡುವ ಮುಂಚೆ ಅಲಗಿನ ಮೇಲೆ ಕೆಂಪು ತುಕ್ಕು ಇದೆಯೇ ನೋಡಿ. ಬೂದು ಅಥವಾ ನೀಲಿಗಪ್ಪು ಛಾಯೆ ಇದ್ದರೆ ಚಿಂತೆ ಇಲ್ಲ, ಬಿಟ್ಟುಬಿಡಿ. ಕೆಂಪು ಇದ್ದರೆ ಅದು ತೇವವನ್ನು ಹಿಡಿದಿಟ್ಟುಕೊಂಡು ಎಣ್ಣೆಯ ಕೆಳಗೂ ಕೊರೆಯುತ್ತಲೇ ಹೋಗುತ್ತದೆ. ಎಣ್ಣೆ ಹಾಕಿದ ಅತಿ ಸಣ್ಣ ಸ್ಟೀಲ್ ವುಲ್ ಅಥವಾ ಲೋಹದ ಪಾಲಿಷ್ ಹಚ್ಚಿದ ಬಟ್ಟೆಯಿಂದ ಹಗುರಾಗಿ ಉಜ್ಜಿ ತೆಗೆಯಿರಿ. ಅಲಗಿನ ಮೇಲೆ ಚಿನ್ನದ ಬಣ್ಣದ ಬರಹ ಇದ್ದರೆ ಆ ಜಾಗ ಬಿಟ್ಟು ಉಜ್ಜಿ, ಪಾಲಿಷಿಗೆ ಅದು ಅಳಿಸಿಹೋಗುತ್ತದೆ. ತುಕ್ಕು ಬಾಯಿಯವರೆಗೆ ಬಂದಿದ್ದರೆ ಮಾತ್ರ ನೀವೇ ಉಜ್ಜಲು ಹೋಗದೆ, ಮೊದಲು ಮಸೆಯಲು ಬಲ್ಲವರಿಗೆ ತೋರಿಸಿ. ಎಣ್ಣೆ, ಡಬ್ಬಿಯ ಖರ್ಚು ಅದಾದ ಮೇಲೆ ನೋಡಿಕೊಳ್ಳಬಹುದು.